ಎಂಟು ಪೂಜೆ ಕಂಡ ಸ್ಟೆಪ್ನಿ

ಮಾರ್ಚ್ 9, ಬೆಳಗ್ಗೆ 10.20. ಬನ್ನೂರಿನಿಂದ ಮೈಸೂರಿಗೆ ಬರುತ್ತಿದ್ದ ನಮ್ಮ ಕಾರು ಉದಯಗಿರಿಯಲ್ಲಿ ಪಂಕ್ಚರ್ ಆಯಿತು. ವಿಜಯನಗರದಲ್ಲಿ ಹನ್ನೊಂದಕ್ಕೆ ಅಕ್ಕನ ನಿಶ್ಚಿತಾರ್ಥ. ಉಂಗುರ ಸೋದರಮಾವನ ಜೇಬಿನಲ್ಲಿ.

"ಹೆದರ್ಬೇಡ ಕಣೋ, ಸ್ಟೆಪ್ನಿ ಇನ್ನೂ ನೆಲಾನೇ ಮುಟ್ಟಿಲ್ಲ," ಎನ್ನುತ್ತಾ ಮಾವ ಡಿಕ್ಕಿ ತೆರೆದರು. ಸ್ಟೆಪ್ನಿಯ ಮೇಲೆ ಎಂಟು ಆಯುಧಪೂಜೆಗಳ ಕುಂಕುಮವಿತ್ತು, ಒಳಗೆ ಗಾಳಿ ಇರಲಿಲ್ಲ.

ಪಕ್ಕದ ಪಂಕ್ಚರ್ ಅಂಗಡಿಯವರು ಒತ್ತಿ ನೋಡಿದರು. "ಟೈರನ್ನ ದೇವ್ರು ಮಾಡ್ಬುಟ್ಟಿದ್ದೀರಲ್ಲ ಸಾರ್! ಗಾಳಿ ಯಾವಾಗ ಹೊಡಿಸಿದ್ರಿ?"

"ವರ್ಷವರ್ಷಾನೂ ಕುಂಬಳಕಾಯಿ ಒಡೀತೀನಿ ಕಣ್ರೀ!" ಎಂದರು ಮಾವ.

ಗಾಳಿ ತುಂಬಿಸಿ ಚಕ್ರ ಬದಲಿಸಲು ಹದಿಮೂರು ನಿಮಿಷ ಹಿಡಿಯಿತು. ಹೊರಡುವ ಮುನ್ನ ಮಾವ ಗಾಳಿಯ ಪೈಪಿಗೂ ಕೈಮುಗಿದರು. 10.58ಕ್ಕೆ ಉಂಗುರ ತಲುಪಿತು.

ಸ್ಟೆಪ್ನಿಯ ಗಾಳಿಯನ್ನು ಎಷ್ಟು ದಿನಕ್ಕೊಮ್ಮೆ ನೋಡಬೇಕೆಂದು ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಮಾವನಿಗೆಂದೇ ಬರೆಯಿರಿ. ನಾನು ಹೇಳಿದರೆ ಅವರು ಕೇಳುವುದಿಲ್ಲ.