ಲೆನ್ಸಿನ ಅಚ್ಚಿಗೆ ಇಟ್ಟ ಕುಂಕುಮ

೧೯೭೪ರಲ್ಲಿ, ಬೆಳಗಾವಿಯವನಾದ ನಾನು ಅಂಧೇರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಮಾಲು ತಪಾಸಣೆಯ ಇನ್ಸ್‌ಪೆಕ್ಟರ್ ಆಗಿದ್ದೆ. ಅಲ್ಲಿ ಪ್ಲಾಸ್ಟಿಕ್ ಲೆನ್ಸ್ ತಯಾರಾಗುತ್ತಿತ್ತು. ಅದರ ಉಕ್ಕಿನ ಅಚ್ಚು, ಅಂದರೆ ಮೌಲ್ಡ್, ಕನ್ನಡಿಯಂತಿರಬೇಕು. ಅದರಲ್ಲೊಂದು ಗೀರಿದ್ದರೆ ಪ್ರತಿ ಲೆನ್ಸಿನಲ್ಲೂ ಅದೇ ಗೀರು. ಪಾಲಿಶ್ ಮಾಡುತ್ತಿದ್ದವರು ವಿಜಾಪುರದ ಬಸಪ್ಪ. ದಸರೆಗೆ ಮೊದಲು ಒಂದು ಹೊಸ ಅಚ್ಚಿಗೆ ವಜ್ರದ ಪುಡಿಯ ಡೈಮಂಡ್ ಪೇಸ್ಟ್ ಹಚ್ಚಿ ಹದಿನಾರು ದಿನ ಉಜ್ಜಿದ್ದರು. ಒಣ ಬಟ್ಟೆ ಸೋಕಿಸಲು ಯಾರಿಗೂ ಬಿಡುತ್ತಿರಲಿಲ್ಲ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯನ್ನು ಒಂದೇ ದಿಕ್ಕಿಗೆ ಹಗುರವಾಗಿ ಎಳೆಯುತ್ತಿದ್ದರು, ಅಷ್ಟೇ.

ದಸರೆ ಮುಗಿದು ಮೌಲ್ಡ್ ಲೆನ್ಸ್ ಒತ್ತುವ ಪ್ರೆಸ್ ಏರಿತು. ಮೊದಲ ಲೆನ್ಸಿನಲ್ಲೇ ಕೂದಲೆಳೆಯಂಥ ಮೂರು ಗೀರು! ಧಾರವಾಡದ ನಮ್ಮ ಮ್ಯಾನೇಜರು ಕೆಂಡವಾದರು.

"ಹದಿನಾರು ದಿನ ಏನ್ ಕಡದು ಕಟ್ಟಿ ಹಾಕಿದ್ಯೋ ಬಸಪ್ಪಾ? ನಾಳಿಂದ ಬರಬ್ಯಾಡ."

"ನನ್ನ ಕೈಯಿಂದ ಹೋದಾಗ ಗೀರ ಇರಲಿಲ್ರೀ" ಎಂದರು ಬಸಪ್ಪ. ದಾದರಿನ ಚಾಳಿನ ಒಂದೇ ಕೋಣೆಯಲ್ಲಿ ಅವರ ಮನೆಯ ಆರು ಜನರ ಹೊಟ್ಟೆ ಆ ಕೈಯನ್ನೇ ನಂಬಿತ್ತು.

ನಾನು ಭೂತಗನ್ನಡಿ ಹಿಡಿದೆ. ಅಚ್ಚಿನ ಅಂಚಿನ ಸಂದಿಯಲ್ಲಿ ಒಂದು ಕೆಂಪು ಕಣ. ಕುಂಕುಮ! ನನ್ನ ಮೈಯೆಲ್ಲ ಉರಿಯಿತು. ಖಂಡೇನವಮಿಯ ಆಯುಧಪೂಜೆಯ ದಿನ ಎಲ್ಲ ಯಂತ್ರಗಳಿಗೂ ಹಚ್ಚಿದ ಹಾಗೆ ಈ ಮ್ಯಾನೇಜರೇ ಮೌಲ್ಡಿನ ನಟ್ಟನಡುವೆ ಬೊಟ್ಟಿಟ್ಟಿದ್ದರು. ಆರತಿಯಾದ ಮೇಲೆ ತಮ್ಮ ಶಲ್ಯದ ತುದಿಯಿಂದ ಗಸಗಸ ಒರೆಸಿಯೂ ಇದ್ದರು. ಅಗ್ಗದ ಕುಂಕುಮದಲ್ಲಿದ್ದ ಮರಳೇ ಗೀರಲು ಸಾಕಾಯಿತು.

ಮೌಲ್ಡನ್ನೂ ಭೂತಗನ್ನಡಿಯನ್ನೂ ಒಯ್ದು ಅವರ ಮೇಜಿನ ಮೇಲಿಟ್ಟೆ. "ಗೀರಿದ್ದು ನಿಮ್ಮ ಶಲ್ಯ, ಸಾಹೇಬ್ರ. ನೋಡ್ರಿ."

"ದೇವರ ಕೆಲಸದಾಗೂ ತಪ್ಪು ಹುಡುಕ್ತೀರೇನ್ರೀ?"

"ಒರಸಂತ ದೇವರು ಹೇಳಿದ್ನೇನ್ರೀ? ಬಸಪ್ಪನ್ನ ತೆಗದ್ರ ನನ್ನ ರಿಪೋರ್ಟ್ ಸೀದಾ ಮಾಲೀಕರ ಕಡೆ ಹೋಗ್ತದ."

ಅವರು ಮೌಲ್ಡನ್ನು ನನ್ನತ್ತ ಸರಿಸಿದರು. ಬಸಪ್ಪನವರ ಕೆಲಸ ಉಳಿಯಿತು. ಆದರೆ 'ತಪ್ಪಾಯಿತು' ಎಂಬ ಒಂದು ಮಾತು ಆ ಮನುಷ್ಯನ ಬಾಯಿಂದ ಬರಲಿಲ್ಲ. ಇವತ್ತಿಗೂ ನೆನೆದರೆ ನನಗೆ ಸಿಟ್ಟು ಬರುತ್ತದೆ.

ಗೆದ್ದ ಗತ್ತಿನಲ್ಲಿ ಬಸಪ್ಪನವರ ಬಳಿ ಹೋದೆ. ಅವರು ಆಗಲೇ ಅದೇ ಅಚ್ಚಿಗೆ ಮತ್ತೆ ಪೇಸ್ಟ್ ಹಚ್ಚುತ್ತಿದ್ದರು. "ಅವರು ಒರಸೂದು ನೀವೂ ನೋಡಿದ್ರಿ. ಆವಾಗ್ಲೇ ಯಾಕ ಒದರಲಿಲ್ಲ?" ಎಂದು ರೇಗಿದೆ.

ಬಸಪ್ಪ ತಲೆಯೆತ್ತಲಿಲ್ಲ. "ನಾ ಹಿಂದ ನಿಂತಿದ್ದೆರೀ. ನೀವು ಅವರ ಬಾಜೂಕ ಕೈ ಮುಗದು ನಿಂತಿದ್ರಲ್ರೀ."

ಹೌದು, ನಿಂತಿದ್ದೆ. ನೋಡಿಯೂ ಇದ್ದೆ. ಗೀರು ಬೀಳುವ ಮೊದಲೇ ಬಾಯಿ ತೆರೆಯಬೇಕು ಎಂಬುದನ್ನು ನೌಕರಿ ನನಗೆ ಹೀಗೆ ಕಲಿಸಿತು. ಮರುವರ್ಷದ ಖಂಡೇನವಮಿಗೆ ಮೊದಲೇ ಮೌಲ್ಡನ್ನು ಪೆಟ್ಟಿಗೆಯಲ್ಲಿಡಿಸಿ ಬೀಗ ಹಾಕಿಸಿದ್ದೆ. ಆರತಿ ತಟ್ಟೆ ಅದರತ್ತ ಬಂದಾಗ ನಾನು ಅಡ್ಡ ನಿಂತೆ.

"ಕುಂಕುಮ ಪೆಟಿಗಿಗೆ ಹಚ್ರಿ, ಸಾಹೇಬ್ರ. ಅದರ ಕೀಲಿ ಬಸಪ್ಪನ ಕಡೆ ಅದ."