ಹುಟ್ಟಿದಾಗಿನ ದಮ್ಮು

ಶಹಾಬಾದದ ನಮ್ಮ ಓಣಿಯಲ್ಲಿ ಕೆಮ್ಮಿಗೂ ಮಾನಮರ್ಯಾದೆ ಇದೆ. ದಮ್ಮು ಎಂದರೆ ಯಾರೂ ತಕರಾರು ಮಾಡುವುದಿಲ್ಲ, ಉಬ್ಬಸ ಯಾರ ಮನೆಯಲ್ಲಿಲ್ಲ ಎನ್ನುತ್ತಾರೆ. ಟಿಬಿ ಎಂದರೆ ಆ ಮನೆಯ ನೀರನ್ನೂ ಮುಟ್ಟುವುದಿಲ್ಲ. ಅಪ್ಪ ನೆಲಕ್ಕೆ ಹಾಸುವ ಪರಸಿ ಕಲ್ಲು ಕೊಯ್ಯುವ ಮಷೀನಿನ ಮುಂದೆ ದುಡಿದು, ಮೈತುಂಬ ಬಿಳಿ ಪುಡಿ ಮೆತ್ತಿಕೊಂಡು ಬರುತ್ತಿದ್ದ. ಅವನು ಕೆಮ್ಮತೊಡಗಿದಾಗ ಓಣಿಯವರು ಟಿಬಿ ಎಂದೇ ಗುಸುಗುಸು ಶುರುಮಾಡಿದರು.

ಸುಲೇಪೇಟದಿಂದ ನನ್ನನ್ನು ನೋಡಲು ಬರುವವರಿದ್ದರು. ಹಿಂದಿನ ದಿನ, ರೊಟ್ಟಿ ಬಡಿಯುತ್ತಿದ್ದ ಅವ್ವನ ಪಕ್ಕ ಕೂತು ನಾನೇ ಹೇಳಿಕೊಟ್ಟೆ: "ಕೇಳಿದ್ರ ಅಪ್ಪಗ ಹುಟ್ಟಿದಾಗಿಂದ ದಮ್ಮ ಅದ ಅನ್ನು. ಟಿಬಿ ಅಂತ ತಿಳಕೊಂಡ್ರ ಎದ್ದು ಹೋಗ್ತಾರ."

ಅವ್ವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಆದರೂ ಮರುದಿನ ಒಂದಕ್ಷರ ತಪ್ಪದೆ ಹೇಳಿದಳು. ಈ ಸಂಬಂಧ ಕುದುರಿಸಿದ್ದು ಅಪ್ಪ ದುಡಿಯುವ ಕಾರ್ಖಾನೆಯ ಮುನೀಮ. ಅವನೂ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದ. ಮದುವೆಯಾಯಿತು.

ಆಮೇಲೆ ಅಪ್ಪನಿಗೆ ಬಾಗಿಲ ತನಕ ನಡೆದರೂ ಉಸಿರು ಸಿಗದಂತಾಯಿತು. ಕಲಬುರಗಿಯ ಡಾಕ್ಟರು ಎಕ್ಸ್‌ರೇ ನೋಡಿ, ಇದು ಟಿಬಿಯೂ ಅಲ್ಲ ದಮ್ಮೂ ಅಲ್ಲ, ಎದೆಯಲ್ಲಿ ಕಲ್ಲಿನ ಪುಡಿ ಕೂತಿದೆ ಎಂದರು. ಕೆಲಸದಿಂದ ಬಂದ ರೋಗವೆಂದು ಪರಿಹಾರಕ್ಕೆ ಅರ್ಜಿ ಹಾಕಿದೆವು. ವಿಚಾರಣೆಯ ದಿನ ಅದೇ ಮುನೀಮ ಬಂದು, ವಿಚಾರಣೆ ನಡೆಸುವ ಸಾಹೇಬರ ಮುಂದೆ ಕೈಕಟ್ಟಿ ನಿಂತ.

"ಹುಟ್ಟಿದಾಗಿಂದ ದಮ್ಮ ಅದ ಅಂತ ಅವರ ಮನ್ಯಾನವರೇ ನನ್ನ ಮುಂದ ಹೇಳ್ಯಾರ್ರಿ. ಬೇಕಾದ್ರ ಬೀಗರಿಗಿ ಕೇಳ್ರಿ."

ನನ್ನ ಗಂಡ, ಮಾವ ಇಬ್ಬರೂ ಬೆಂಚಿನ ಮೇಲೆ ಕೂತಿದ್ದರು. ಸುಮ್ಮನಿದ್ದರೆ ಅಪ್ಪನ ಅರ್ಜಿ ಬಿದ್ದುಹೋಗುತ್ತಿತ್ತು. ನಾನು ಎದ್ದು ನಿಂತೆ.

"ನಮ್ಮವ್ವ ಸುಳ್ಳು ಹೇಳ್ಯಾಳ್ರಿ."

ಹೇಳಬೇಕಾದದ್ದು "ನಾನು" ಎಂದು. ಬಾಯಿಗೆ ಬಂದದ್ದು "ಅವ್ವ". ನನ್ನ ಪಕ್ಕದಲ್ಲೇ ಕೂತಿದ್ದ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಹೌದೆಂದು ತಲೆಯಾಡಿಸಿದಳು. ಅರ್ಜಿ ಉಳಿಯಿತು, ಪರಿಹಾರವೂ ಬಂತು. ಆದರೆ ಮಾವ ಅವತ್ತಿನಿಂದ ಅವ್ವನ ಹೊಸ್ತಿಲು ತುಳಿದಿಲ್ಲ. ನನ್ನನ್ನು ಮಾತ್ರ ಸತ್ಯವಂತ ಸೊಸೆ ಎನ್ನುತ್ತಾರೆ.

ಅವತ್ತು ಕಚೇರಿಯ ಹೊರಗೆ ಕಲ್ಲು ಕೆಲಸದವರ ಮನೆಯ ಹೆಂಗಸರು ನನ್ನನ್ನು ಸುತ್ತಿಕೊಂಡರು. ಅವರ ಮನೆಗಳಲ್ಲೂ ಇಂಥದ್ದೇ ಮುಚ್ಚಿಟ್ಟ ಕೆಮ್ಮುಗಳಿದ್ದವು. ಅವರ ಜೊತೆ ಆಸ್ಪತ್ರೆಗೆ, ಚಿತ್ತಾಪುರದ ಕಚೇರಿಗಳಿಗೆ ಓಡಾಡುತ್ತ ಓಡಾಡುತ್ತ ಇದೇ ನನ್ನ ಕೆಲಸವಾಯಿತು. ಸಭೆಗಳಲ್ಲಿ ನನ್ನನ್ನು ಧೈರ್ಯವಂತೆ ಎಂದು ಪರಿಚಯಿಸುತ್ತಾರೆ. ನಾಚಿಕೆಯಿಂದ ನೆಲ ನೋಡುತ್ತೇನೆ. ಜನ ಅದನ್ನು ವಿನಯ ಅಂದುಕೊಳ್ಳುತ್ತಾರೆ. ತಿದ್ದಲು ಹೋಗಿಲ್ಲ.

ಮೊನ್ನೆ ವಾಡಿಯಲ್ಲಿ ಸಭೆಯಿತ್ತು. ಅವ್ವನೂ ಬಂದು ಹಿಂದೆ ಜಮಖಾನೆಯ ಮೇಲೆ ಕೂತಿದ್ದಳು. ರೋಗ ಮುಚ್ಚಿಡಬೇಡಿ ಎನ್ನುತ್ತ ನಮ್ಮ ಮನೆಯ ಕಥೆ ಹೇಳಿದೆ. ಎದುರಿಗಿದ್ದ ಹೆಂಗಸೊಬ್ಬಳು ಕೇಳಿದಳು: "ದಮ್ಮ ಅಂತ ಹೇಳಬೇಕಂತ ಯಾರಿಗಿ ಹೊಳೀತ್ರಿ, ಅಕ್ಕಾರ?"

ಈ ಸಲ ಹೇಳಿಬಿಡುತ್ತೇನೆ ಎಂದು ಬಾಯಿ ತೆರೆದೆ.

"ನನಗೇರಿ," ಎಂದಳು ಅವ್ವ ಹಿಂದಿನಿಂದ. "ಪಾಪ, ಆಕಿಗಿ ಏನೂ ಗೊತ್ತಿದ್ದಿಲ್ಲ."

ಎಲ್ಲರೂ ತಿರುಗಿ ಅವಳನ್ನು ನೋಡಿದರು. ನಾನು ಮುಂದಿನ ವಿಷಯಕ್ಕೆ ಹೋದೆ.