ಮಾಸ್ತರರ ಕಿಸೆಯಲ್ಲಿದ್ದ ಫೋನು

ಆಗ ನನಗೆ ಅರವತ್ತನಾಲ್ಕು ವರ್ಷ. ಇದು ನಡೆದು ಏಳು ವರ್ಷವಾಯಿತು. ಅಲ್ಲಿಯವರೆಗೆ ಸತ್ತವರು ಮಾತಾಡುತ್ತಾರೆ ಎಂದು ಯಾರಾದರೂ ಹೇಳಿದರೆ, ಪಾಪ ಇವರು ಹೊಟ್ಟೆಗೆ ಸರಿಯಾಗಿ ತಿಂದಿಲ್ಲ ಎಂದುಕೊಳ್ಳುತ್ತಿದ್ದೆ. ನಮ್ಮ ಓಣಿಯಲ್ಲಿ ಮೈಮೇಲೆ ದೇವರು ಬಂತೆಂದು ಕೂಗಾಡುತ್ತಿದ್ದ ಹೆಂಗಸಿನ ತಲೆಗೆ ಒಂದು ಕೊಡ ತಣ್ಣೀರು ಸುರಿದವಳು ನಾನು. ದೇವರು ಕೂಡಲೇ ಇಳಿಯಿತು. ಈಗ ನಾನು ಬರೆಯುವುದನ್ನು ಓದಿ ನನ್ನ ತಲೆಗೂ ನೀರು ಸುರಿಯಬೇಕು ಎಂದು ನಿಮಗೆ ಅನ್ನಿಸಬಹುದು. ಅನ್ನಿಸಲಿ.

ನಾನು ಮರಳಿ ಎಂಬ ಊರಿನ ಕಡೆಯವಳು. ಸರಕಾರಿ ಸಾಲಿಯಲ್ಲಿ ಬಿಸಿಯೂಟದ ಅಡಿಗೆ ಮಾಡುತ್ತಿದ್ದೆ. ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ, ರಾತ್ರಿ ಸಾಲಿಯಲ್ಲಿ. ಒತ್ತಕ್ಷರ ಈಗಲೂ ತಪ್ಪುತ್ತವೆ. ಅಂಕಿ ತಪ್ಪುವುದಿಲ್ಲ. ಮುನ್ನೂರು ಮಕ್ಕಳಿಗೆ ಅಕ್ಕಿ ಅಳೆದ ಕೈ ಇದು.

ಮೊಮ್ಮಗಳು ರೇಣುಕಾ ಒಂಬತ್ತನೆಯ ಇಯತ್ತೆಯವರೆಗೆ ತಂದೆಯ ಊರಲ್ಲಿ ಓದಿದಳು. ಅದು ಒಣ ಸೀಮೆ. ಮಗಳು ಅಳಿಯ ದುಡಿಯಲು ನಮ್ಮ ಕಾಲುವೆ ಕಡೆ ಬಂದರು. ಹುಡುಗಿಯನ್ನು ಹತ್ತನೆಯದಕ್ಕೆ ನಮ್ಮ ಸಾಲಿಗೆ ಹಾಕಿದೆ. ಹಾಕಿದೆ ಅಂದರೆ ಬೆಂಚಿನ ಮೇಲೆ ಕೂಡಿಸಿದೆ, ಅಷ್ಟೇ. ಕಂಪ್ಯೂಟರಿನಲ್ಲಿ ಅವಳು ಹಳೆಯ ಸಾಲಿಯಲ್ಲೇ ಇದ್ದಳು. ಈಗ ಒಂದೊಂದು ಮಗುವಿಗೆ ಒಂದೊಂದು ಉದ್ದ ನಂಬರು. ಹಳೆಯ ಸಾಲಿಯವರು ಆ ನಂಬರು ಬಿಟ್ಟುಕೊಟ್ಟರೆ ಮಾತ್ರ ಹೊಸ ಸಾಲಿಯವರು ಹಿಡಿದುಕೊಳ್ಳಬಹುದು. ಬಿಡದಿದ್ದರೆ ಪರೀಕ್ಷೆಗೆ ಹೆಸರು ಹೋಗುವುದಿಲ್ಲ. ಹುಡುಗಿ ಕಣ್ಣೆದುರು ಕುಳಿತು ಪಾಠ ಕೇಳುತ್ತಿದ್ದರೂ ಅವಳು ಇಲ್ಲವೆಂದೇ ಲೆಕ್ಕ.

ಅಳಿಯನಿಗೆ ಇದೇ ಬೇಕಾಗಿತ್ತು. "ಅತ್ತಿ, ಹೆಸರ ಇಲ್ಲಂದಮ್ಯಾಲ ಸಾಲಿ ಯಾಕ? ನಾಟಿ ಗುಂಪಿನವರಿಗೆ ಹೇಳೀನಿ. ಸೋಮವಾರದಿಂದ ಭತ್ತ ನಾಟಿಗೆ ಹೋಗ್ಲಿ" ಅಂದ. ದೀಪಾವಳಿಗೆ ತನ್ನ ಅಕ್ಕನ ಮಗನಿಗೆ ಕೊಡುವ ಮಾತನ್ನೂ ತೆಗೆದ. ಹುಡುಗಿಗೆ ಆಗ ಹದಿನೈದು. "ಪರೀಕ್ಷಾಕ್ಕ ಹೆಸರ ಕಳಸಾಕ ಶನಿವಾರ ಕಡೇ ದಿನ ಐತಿ. ಅಲ್ಲೀತನಕ ಬಾಯಿ ಮುಚ್ಚಿಕೊಂಡಿರು" ಅಂದು ನಾನು ಬಸ್ಸು ಹತ್ತಿದೆ.

ಅಳಿಯನ ಊರಿನ ತಾಲೂಕಿನ ಸಾಲಿಗಳಿಗೆಲ್ಲ ಸೇರಿ ಒಂದೇ ಕಂಪ್ಯೂಟರ್ ಕೋಣೆ. ಯಾವ ತಾಲೂಕು ಎಂದು ಬರೆಯುವುದಿಲ್ಲ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ನಿಮಗೆ ತಿಳಿದದ್ದು ಅಂದುಕೊಳ್ಳಿ. ಕೋಣೆಯಲ್ಲಿ ರಜಿಯಾ ಎಂಬ ಹೆಣ್ಣುಮಗಳು ಒಬ್ಬಳೇ. ನೂರಾರು ಸಾಲಿಗಳ ಮಾಸ್ತರರು ಅವಳ ತಲೆ ತಿನ್ನುತ್ತಿದ್ದರು. ಮೊದಲ ದಿನ ಹೋದಾಗ ಕರೆಂಟು ಇರಲಿಲ್ಲ. ಎರಡನೆಯ ದಿನ ಕರೆಂಟು ಇತ್ತು, ಸರ್ವರ್ ಇರಲಿಲ್ಲ. ಅದು ಎಲ್ಲಿಗೆ ಹೋಗಿದೆ ಎಂದು ಕೇಳಿದೆ. "ಅದು ಬೆಂಗಳೂರಾಗ ಇರತೈತಿ ಆಯಿ" ಅಂದಳು. ಬೆಂಗಳೂರಲ್ಲಿ ಇದ್ದರೆ ಇಲ್ಲಿ ಇಲ್ಲ ಎಂದು ಯಾಕೆ ಅಳಬೇಕು, ನನಗೆ ಇವತ್ತಿಗೂ ತಿಳಿದಿಲ್ಲ.

ಮೂರನೆಯ ಸಲ ಹೋದದ್ದು ಶುಕ್ರವಾರ. ಅಂದು ಎರಡೂ ಇದ್ದವು. ರಜಿಯಾ ಗುಂಡಿ ಒತ್ತಿ ಹಣೆ ಹಿಡಿದುಕೊಂಡಳು.

"ಆಯಿ, ಇದಕ್ಕ ಒಂದು ಓಟಿಪಿ ಬೇಕ್ರಿ. ಆರು ಅಂಕಿ. ಅದು ಆ ಸಾಲಿ ಹೆಡ್ಮಾಸ್ತರ ಫೋನಿಗೇ ಹೋಗತೈತಿ."

"ಅವ್ರಿಗೆ ಫೋನ್ ಮಾಡವಾ ಮತ್ತ."

"ಅವ್ರು ಬ್ಯಾಸಿಗ್ಯಾಗ ತೀರಿಕೊಂಡ್ರಲ್ರಿ. ಬಸಯ್ಯ ಮಾಸ್ತರು."

ಹೊಸ ಹೆಡ್ಮಾಸ್ತರರ ನಂಬರು ಹಾಕಲು ಕಾಗದ ಮೇಲಿನ ಆಫೀಸಿಗೆ ಹೋಗಿದೆಯಂತೆ, ಇನ್ನೂ ಇಳಿದು ಬಂದಿಲ್ಲವಂತೆ. ಅಲ್ಲಿಯವರೆಗೆ ಸರಕಾರ ಸತ್ತವನಿಗೇ ಅಂಕಿ ಕಳಿಸುತ್ತಿತ್ತು. ರಜಿಯಾ ಅವರ ನಂಬರನ್ನೂ ರೇಣುಕಾಳ ನಂಬರನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟು, "ಅವ್ರ ಮನ್ಯಾಗ ಫೋನ್ ಇದ್ರ ಚಾಲೂ ಮಾಡಸ್ರಿ. ನಾ ನಡುನಡುವ ಒತ್ತಿ ನೋಡ್ತೀನಿ" ಅಂದಳು.

ಮಾಸ್ತರರ ಊರು ಅಲ್ಲಿಂದ ಟಂಟಂ ಗಾಡಿಯಲ್ಲಿ ಅರ್ಧ ತಾಸು. ಅವರ ಹೆಂಡತಿ ನೀಲಮ್ಮ ಕಟ್ಟೆಯ ಮೇಲೆ ಕುಳಿತು ಸಜ್ಜೆ ಹಸನು ಮಾಡುತ್ತಿದ್ದರು. ವಿಷಯ ಹೇಳಿದೆ. ಮೊರ ಕೆಳಗಿಟ್ಟು ನನ್ನ ಮುಖ ನೋಡಿದರು.

"ಫೋನು ಅವ್ರ ಕಿಸೆದಾಗ ಐತ್ರಿ."

"ಯಾವ ಕಿಸೆ ಅಮ್ಮಾರ?"

"ಜುಬ್ಬಾದ್ದು. ಮಣ್ಣಾಗ ಕೂಡಿಸೋ ಹೊತ್ತಿನ್ಯಾಗ ಮೈದುನ ಇಟ್ಟ. ಮುಂಜಾನಿಂದ ಸಂಜೀತನಕ ಅದನ್ನ ಹಿಡಕೊಂಡ ಇರತಿದ್ರು. ಊಟಕ್ಕ ಕುಂತ್ರೂ ಆಫೀಸಿನವ್ರು ಬಿಡತಿರಲಿಲ್ಲ. ಅದಿಲ್ಲಂದ್ರ ಅಲ್ಲೂ ಹುಡುಕ್ಯಾರು ಅಂತ ಇಟ್ಟಾನ."

ವಿಭೂತಿ, ಬಿಲ್ವಪತ್ರೆ, ಫೋನು. ಸತ್ತವರ ಮನೆಯಲ್ಲಿ ಸಿಟ್ಟು ಮಾಡಬಾರದಂತೆ. ನಾನು ಮಾಡಿದೆ. ಅದೇ ನಂಬರಿನ ಹೊಸ ಸಿಮ್ಮು ಕೊಡುತ್ತಾರಲ್ಲ, ಅದನ್ನಾದರೂ ತರಬೇಕಿತ್ತು ಎಂದೆ. ಮಗ ಅದಕ್ಕೇ ಓಡಾಡುತ್ತಿದ್ದಾನೆ ಅಂದರು. ಅದಕ್ಕೆ ಮರಣದ ದಾಖಲೆ ಬೇಕು. ದಾಖಲೆ ಕೊಡುವವರ ಕಡೆಯೂ ಸರ್ವರ್ ಇರಲಿಲ್ಲ.

ಸಮಾಧಿ ಎಲ್ಲಿ ಎಂದು ಕೇಳಿಕೊಂಡು ಹೊಲಕ್ಕೆ ನಡೆದೆ. ಹೋದದ್ದು ಕೈಮುಗಿಯಲಿಕ್ಕಲ್ಲ. ಬೈಯಲಿಕ್ಕೆ. ಬೈಯಲು ಬದುಕಿದವರು ಒಬ್ಬರೂ ಉಳಿದಿರಲಿಲ್ಲ, ಎಲ್ಲರದೂ ಬರೋಬ್ಬರಿ ಇತ್ತು, ಯಾರದೂ ತಪ್ಪಿರಲಿಲ್ಲ. ಮಧ್ಯಾಹ್ನ ಮೂರರ ಬಿಸಿಲು. ಬದುವಿನ ಜಾಲಿ ಗಿಡದ ಕೆಳಗೆ ಮಣ್ಣು ಮೆತ್ತಿದ ದಿಬ್ಬ. ನೀಲಮ್ಮ ಮುಂಜಾನೆ ಸಾರಿಸಿ ಹೋಗಿದ್ದರು, ಇನ್ನೂ ಪೂರ್ತಿ ಆರಿರಲಿಲ್ಲ.

"ಏನ್ರಿ ಮಾಸ್ತರ" ಅಂದೆ. "ನೀವು ಹೋಗೋದು ಹೋದ್ರಿ, ಛಲೋ ಆತು. ಹುಡುಗೂರ ನಂಬರ್ ಯಾಕ ಕಟ್ಟಿಕೊಂಡ ಹೋದ್ರಿ? ನನ್ನ ಮೊಮ್ಮಗಳು ಸೋಮವಾರ ಕೆಸರಾಗ ಇಳೀತಾಳ. ನೀವಿಲ್ಲಿ ಅರಾಮ ಕುಂತೀರಿ." ಇನ್ನೂ ಅಂದೆ, ಅದನ್ನು ಬರೆಯುವಂತಿಲ್ಲ. ಕೊನೆಗೆ ಚೀಟಿ ನೋಡಿ ಹುಡುಗಿಯ ಹೆಸರು, ನಂಬರು ಗಟ್ಟಿಯಾಗಿ ಓದಿದೆ. ಆಮೇಲೆ ನನ್ನ ಗುಂಡಿ ಫೋನಿನಿಂದ ಅವರ ನಂಬರಿಗೆ ಹಚ್ಚಿದೆ. ಬೆಳಗಿನಿಂದ ಐದಾರು ಸಲ ಹಚ್ಚಿದ್ದೆ, ಪ್ರತಿ ಸಲವೂ ಸ್ವಿಚ್ ಆಫ್ ಎಂದು ಫೋನಿನೊಳಗಿನ ಹೆಂಗಸು ಹೇಳುತ್ತಿದ್ದಳು.

ಈ ಸಲ ರಿಂಗಾಯಿತು.

ಮಣ್ಣಿನೊಳಗಿಂದ ಏನೂ ಕೇಳಲಿಲ್ಲ, ಅದನ್ನು ಸ್ಪಷ್ಟವಾಗಿ ಹೇಳುತ್ತೇನೆ. ನನ್ನ ಕಿವಿಯಲ್ಲಿ ಮಾತ್ರ. ನಾಲ್ಕು ಸಲ ರಿಂಗಾಗಿ ಯಾರೋ ಎತ್ತಿದರು. "ಹಲೋ" ಅನ್ನಲಿಲ್ಲ. ಗಂಡಸಿನ ಒಣ ದನಿ. ಒಂದೊಂದೇ ಅಂಕಿ ಹೇಳಿತು, ಸಾಲಿಯಲ್ಲಿ ಉಕ್ತಲೇಖನ ಕೊಟ್ಟಂತೆ, ಬಿಟ್ಟು ಬಿಟ್ಟು. ಆರು ಅಂಕಿ. ಮತ್ತೆ ಮೊದಲಿನಿಂದ ಅವೇ ಆರು. ಪೆನ್ನು ಎಲ್ಲಿಂದ ತರಲಿ? ಜಾಲಿ ಮುಳ್ಳು ಎತ್ತಿಕೊಂಡು ಹಸಿ ಮಣ್ಣಿನ ಮೇಲೆಯೇ ಬರೆದೆ. "ಬರಕೊಂಡ್ರ್ಯಾ?" ಎಂದು ಕೇಳಿತು. "ಹ್ಞೂಂರಿ" ಅಂದೆ. ಕಟ್ಟಾಯಿತು.

ಕೂಡಲೇ ರಜಿಯಾಗೆ ಹಚ್ಚಿ ಅಂಕಿ ಓದಿದೆ. ಅವಳು ಗುಂಡಿ ಒತ್ತುವ ಸಪ್ಪಳ ಕೇಳಿತು.

"ತೊಗೊಂತು ಆಯಿ" ಅಂದಳು. "ರೇಣುಕಾಂದು ಬಿಡ್ತು. ಫೋನ್ ಸಿಕ್ತೇನ್ರಿ?"

"ಇಲ್ಲ."

"ಮತ್ತ ಯಾರು ಹೇಳಿದ್ರು? ನಾ ಈಗಷ್ಟ ಒತ್ತೀನಿ. ನಂಗ ಸೈತ ಆ ಅಂಕಿ ಕಾಣಂಗಿಲ್ಲ."

ಸಂಜೆ ಕಾಗದ ತರಲು ಹೋದಾಗ ನಡೆದದ್ದನ್ನು ಹೇಳಿದೆ. ಅವಳು ಬಾಗಿಲ ಕಡೆ ನೋಡಿದಳು. "ಯಾರ ಮುಂದೂ ಹೇಳಬ್ಯಾಡ್ರಿ ಆಯಿ, ನನ್ನ ನೌಕರಿ ಹೋಗತೈತಿ" ಅಂದಳು. ನಾನು ಬಾಗಿಲು ದಾಟುವಾಗ ಮತ್ತೆ ಕರೆದು ನಾಲ್ಕು ಚೀಟಿ ಕೈಗಿಟ್ಟಳು. ಅದೇ ಸಾಲಿಯಿಂದ ಬೇರೆ ಕಡೆ ಹೋಗಿ, ನಂಬರು ಬಿಡದೆ ಸಿಕ್ಕಿಕೊಂಡ ನಾಲ್ಕು ಹುಡುಗಿಯರ ಹೆಸರು, ನಂಬರು.

ರಾತ್ರಿ ರೇಣುಕಾಗೆ ಕಾಗದ ಕೊಟ್ಟೆ. ಅಳಿಯ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಉಣ್ಣಲು ಕುಳಿತ. ನಿಮ್ಮ ಬಸಯ್ಯ ಮಾಸ್ತರು ಹೇಗಿದ್ದರು ಎಂದು ಹುಡುಗಿಯನ್ನು ಕೇಳಿದೆ. "ಛಲೋ ಇದ್ರಬೇ. ಉಕ್ತಲೇಖನ ಎರಡೆರಡು ಸಲ ಹೇಳತಿದ್ರು. ಆಮ್ಯಾಗ 'ಬರಕೊಂಡ್ರ್ಯಾ?' ಅಂತಿದ್ರು. ನಾವೆಲ್ಲ ಅಣಕಸತಿದ್ವಿ" ಅಂದಳು. ನಾನು ಅವಳಿಗೆ ಏನೂ ಹೇಳಿರಲಿಲ್ಲ.

ತಿಳಿದವರು ನನಗೆ ಬಹಳ ಹೇಳಿದ್ದಾರೆ. ಲೈನು ಅಡ್ಡಾಗಿರಬೇಕು, ನಂಬರು ಬೇರೆಯವರಿಗೆ ಕೊಟ್ಟಿರಬೇಕು, ಬಿಸಿಲಿಗೆ ನಿನ್ನ ತಲೆ ತಿರುಗಿರಬೇಕು. ಇರಬೇಕು. ಆದರೆ ಮಗ ಮುಂದೆ ಅದೇ ನಂಬರಿನ ಸಿಮ್ಮು ತಂದ, ಬೇರೆಯವರಿಗೆ ಹೋಗಿರಲಿಲ್ಲ. ತಲೆ ತಿರುಗಿದವಳಿಗೆ ಸರಿಯಾದ ಆರು ಅಂಕಿ ಹೊಳೆಯುವುದು ಹೇಗೆ? ನನಗೆ ತಿಳಿದಿಲ್ಲ. ಇನ್ನೂ ಸಿಟ್ಟು ಬರುವ ಮಾತೆಂದರೆ, ಆ ಕಡೇ ದಿನವನ್ನು ಆಮೇಲೆ ಹದಿನೈದು ದಿನ ಮುಂದೆ ಹಾಕಿದರು. ಮೊದಲೇ ಹೇಳಿದ್ದರೆ ನಾನು ಆ ಬಿಸಿಲಲ್ಲಿ ಸತ್ತವರ ಜೊತೆ ಜಗಳಕ್ಕೆ ಹೋಗುತ್ತಿರಲಿಲ್ಲ.

ಆದರೆ ಮರುದಿನ ಶನಿವಾರ ಬೆಳಿಗ್ಗೆ ಅದು ಯಾರಿಗೂ ಗೊತ್ತಿರಲಿಲ್ಲ. ಮೊದಲ ಬಸ್ಸಿಗೆ ಮತ್ತೆ ಹೋದೆ. ನೀಲಮ್ಮ ಇನ್ನೂ ಸಾರಿಸಿರಲಿಲ್ಲ, ನಾನು ಬರೆದ ಅಂಕಿಗಳು ಒಣಗಿ ಹಾಗೇ ಇದ್ದವು. ಫೋನು ಹಚ್ಚಿದೆ, ಸ್ವಿಚ್ ಆಫ್. ಮತ್ತೆ ಹಚ್ಚಿದೆ, ಸ್ವಿಚ್ ಆಫ್. ಫೋನು ಸೊಂಟಕ್ಕೆ ಸಿಕ್ಕಿಸಿ ದಿಬ್ಬದ ಪಕ್ಕ ಕುಳಿತೆ. ನಾಲ್ಕು ಚೀಟಿ ಬಿಚ್ಚಿ ನಾಲ್ಕೂ ಹುಡುಗಿಯರ ಹೆಸರು, ನಂಬರು ಗಟ್ಟಿಯಾಗಿ ಓದಿದೆ. ಒಂದೊಂದೇ ಅಂಕಿ, ಬಿಟ್ಟು ಬಿಟ್ಟು, ಎರಡೆರಡು ಸಲ.

ಆಮೇಲೆ ಕೇಳಿದೆ, "ಬರಕೊಂಡ್ರ್ಯಾ ಮಾಸ್ತರ?"